ಹಿಡಿಯುವ ಮೇಣ, ಜಾರುವ ಮೇಣ

ಜಾರುವುದು ಹೇಗೆಂದು ಮಲೆನಾಡಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬ ಕೂರುತ್ತಾನೆ, ಸೋಗೆಯ ಕಡೆ ಹಿಡಿದು ಇನ್ನೊಬ್ಬ ಎಳೆಯುತ್ತಾನೆ. ಇಳಿಜಾರು ಸಿಕ್ಕರೆ ಎಳೆಯುವವನೂ ಬೇಡ. ಆದರೆ ಅದೇ ಹಾಳೆಯನ್ನು ಕಾಲಿಗೆ ಕಟ್ಟಿಕೊಂಡು ಕೈಮರದಿಂದ ಸೀತಾಳಯ್ಯನಗಿರಿಯ ಕಡೆಗೆ ಏರು ಹತ್ತಿ ನೋಡೋಣ ಎಂದರೆ? ಒಂದು ಹೆಜ್ಜೆ ಮುಂದಿಟ್ಟರೆ ಒಂದೂವರೆ ಹೆಜ್ಜೆ ಹಿಂದೆ.

ಕ್ರಾಸ್ ಕಂಟ್ರಿ ಸ್ಕೀ, ಅಂದರೆ ಹಿಮದ ಮೇಲೆ ಸಾಗಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿ, ಬಿಡಿಸುವ ಒಗಟು ಇದೇ. ಗುಡ್ಡದ ನೆತ್ತಿಯಿಂದ ಕೆಳಕ್ಕೆ ಬಿಡುವ ಸ್ಕೀಗೆ ಜಾರಿದರೆ ಸಾಕು, ಉಳಿದದ್ದನ್ನು ಗುರುತ್ವಾಕರ್ಷಣೆ ನೋಡಿಕೊಳ್ಳುತ್ತದೆ. ಕ್ರಾಸ್ ಕಂಟ್ರಿಯಲ್ಲಿ ಏರು, ಸಪಾಟು, ಇಳಿಜಾರು ಮೂರನ್ನೂ ಸ್ವಂತ ಕೈಕಾಲಿನ ಬಲದಿಂದಲೇ ದಾಟಬೇಕು. ಒಂದೇ ಪಟ್ಟಿ ಒದ್ದಾಗ ಹಿಮವನ್ನು ಹಿಡಿಯಬೇಕು, ಒದ್ದು ಮುಗಿದ ಮರುಗಳಿಗೆ ಅದೇ ಹಿಮದ ಮೇಲೆ ಜಾರಬೇಕು.

ಚಿಕ್ಕಮಗಳೂರಿನಲ್ಲಿ ಕೂತು ಇದನ್ನೆಲ್ಲ ಯಾಕೆ ಓದಬೇಕು ಎನ್ನುವವರಿಗೆ ಉತ್ತರ ಬಹಳ ದೂರವೇನಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಕ್ರಾಸ್ ಕಂಟ್ರಿಯಲ್ಲಿ ಕಂಚು ಗೆದ್ದರು. ಹಿಮ ಬೀಳದ ಊರಿನಲ್ಲಿ ಹುಟ್ಟಿದರೆ ಈ ಆಟ ಆಡಬಾರದೆಂದೇನೂ ಇಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹಿಮ ಗಟ್ಟಿಯಾಗಿ ನಿಲ್ಲುವುದು ಜನವರಿಯ ಸುಮಾರಿಗೆ. ಅಂದರೆ ಇಲ್ಲಿ ಮಳೆ ಬಿಟ್ಟ ಮೇಲೆ ಕೈಯಲ್ಲಿರುವುದು ಹನ್ನೆರಡು ವಾರ. ಪಟ್ಟಿಯನ್ನೂ ಮೈಯನ್ನೂ ಅಷ್ಟರೊಳಗೆ ಸಿದ್ಧ ಮಾಡಿಕೊಳ್ಳಬಹುದು.

ಮೊದಲು ಪಟ್ಟಿ. ಸ್ಕೀಯ ತಳ ಮೇಲ್ನೋಟಕ್ಕೆ ಚಪ್ಪಟೆ, ಆದರೆ ಎರಡು ಸ್ಕೀಗಳನ್ನು ತಳಕ್ಕೆ ತಳ ಸೇರಿಸಿ ಹಿಡಿದರೆ ನಡುವೆ ಬೆಳಕು ಕಾಣುತ್ತದೆ. ಬಿಲ್ಲಿನಂಥ ಈ ಬಾಗಿನಲ್ಲೇ ಇಡೀ ಗುಟ್ಟು ಇರುವುದು. ಎರಡೂ ಕಾಲಿನ ಮೇಲೆ ಸಮವಾಗಿ ನಿಂತಾಗ ತಳದ ನಡುಭಾಗ ನೆಲಕ್ಕೆ ತಾಗದೆ ಕೂದಲೆಳೆಯಷ್ಟು ಎತ್ತರದಲ್ಲಿರುತ್ತದೆ. ಪೂರ್ತಿ ಭಾರವನ್ನು ಒಂದೇ ಕಾಲಿಗೆ ಹಾಕಿ ಒದ್ದಾಗ ಮಾತ್ರ ಅದು ನೆಲ ಮುಟ್ಟುತ್ತದೆ. ಹಿಡಿಯುವ ಮೇಣ ಹಚ್ಚುವುದು ಈ ನಡುಭಾಗಕ್ಕೆ, ಜಾರುವ ಮೇಣ ಉಳಿದ ಮುಂದು ಹಿಂದಿಗೆ.

ನಿಮ್ಮ ತೂಕಕ್ಕೆ ಸ್ಕೀ ಹೊಂದುತ್ತದೆಯೇ ಎಂದು ಮನೆಯ ಜಗಲಿಯಲ್ಲೇ ಪರೀಕ್ಷೆ ಮಾಡಬಹುದು. ಸಪಾಟಾದ ರೆಡ್ ಆಕ್ಸೈಡ್ ನೆಲ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಸ್ಕೀಗಳ ಮೇಲೆ ನಿಂತು, ಪಾದದ ಕೆಳಗೆ ಒಂದು ಹಾಳೆ ಕಾಗದ ತೂರಿಸಲು ಇನ್ನೊಬ್ಬರಿಗೆ ಹೇಳಿ. ಹಿಮ್ಮಡಿಯಿಂದ ಹೆಬ್ಬೆರಳಿನ ಮುಂದೆ 20ರಿಂದ 30 ಸೆಂ.ಮೀ. ತನಕ ಕಾಗದ ಸಲೀಸಾಗಿ ಓಡಾಡಬೇಕು. ಈಗ ಒಂದೇ ಕಾಲಿನ ಮೇಲೆ ನಿಲ್ಲಿ. ಕಾಗದ ಸಿಕ್ಕಿಬೀಳಬೇಕು, ಎಳೆದರೆ ಹರಿಯಬೇಕು. ಎರಡು ಕಾಲಿನಲ್ಲಿದ್ದಾಗಲೇ ಸಿಕ್ಕಿಬಿದ್ದರೆ ಸ್ಕೀ ನಿಮಗೆ ಮೆದುವಾಯಿತು, ಜಾರುವಾಗಲೂ ಹಿಡಿಯುವ ಮೇಣ ನೆಲ ಒರೆಸುತ್ತಾ ಬರುತ್ತದೆ. ಒಂಟಿ ಕಾಲಿನಲ್ಲೂ ಕಾಗದ ಓಡಾಡಿದರೆ ಗಡುಸಾಯಿತು, ಎಷ್ಟು ಒದ್ದರೂ ಹಿಡಿತ ಸಿಗದು. ಸೆಕೆಂಡ್ ಹ್ಯಾಂಡ್ ಸ್ಕೀ ಕೊಳ್ಳುವವರು ಹೆಸರು, ಬಣ್ಣ ನೋಡುವ ಮೊದಲು ಈ ಕಾಗದದ ಪರೀಕ್ಷೆ ಮಾಡಲಿ.

ಜಾರುವುದಾದರೂ ಹೇಗೆ? ಒತ್ತಡಕ್ಕೆ ಮಂಜುಗಡ್ಡೆ ಕರಗಿ ನೀರಾಗುತ್ತದೆ, ಆ ನೀರಿನ ಮೇಲೆ ಜಾರುತ್ತೇವೆ ಎಂಬ ವಿವರಣೆ ಈಗಲೂ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಒತ್ತಡದಿಂದಲೇ ಮಂಜುಗಡ್ಡೆಯ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ಪ್ರತಿ ಚದರ ಸೆಂ.ಮೀ.ಗೆ ಸುಮಾರು 130 ಕೆ.ಜಿ. ಹೇರಬೇಕು. 60 ಕೆ.ಜಿ. ತೂಕದವರು 190 ಸೆಂ.ಮೀ. ಉದ್ದ, 4.4 ಸೆಂ.ಮೀ. ಅಗಲದ ಸ್ಕೀ ಮೇಲೆ ಒಂಟಿ ಕಾಲಲ್ಲಿ ನಿಂತರೂ ಬೀಳುವ ಭಾರ ಚದರ ಸೆಂ.ಮೀ.ಗೆ 72 ಗ್ರಾಂ ಅಷ್ಟೆ. ಹಿಮದ ಹರಳಿನ ಮೊನೆಗಳಲ್ಲಿ ಒತ್ತಡ ಹೆಚ್ಚಿದ್ದೀತು, ಆದರೂ ಮೈನಸ್ ಹತ್ತರಲ್ಲಿ ಕರಗಿಸುವುದಕ್ಕೆ ಅದು ಸಾಲದು. 1939ರಲ್ಲಿ ವಿಜ್ಞಾನಿಗಳಾದ ಬೌಡನ್ ಮತ್ತು ಹ್ಯೂಸ್ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್‌ನಲ್ಲಿ ಪ್ರಯೋಗ ಮಾಡಿ ತೋರಿಸಿದ ಕಾರಣ ಬೇರೆ: ಉಜ್ಜುವಿಕೆಯ ಬಿಸಿ. ಸ್ಕೀ ಓಡಿದಂತೆ ತಳಕ್ಕೆ ತಾಗುವ ಹರಳುಗಳ ತುದಿ ಬಿಸಿಯಾಗಿ ಸಣ್ಣ ನೀರಿನ ಪೊರೆ ಹುಟ್ಟುತ್ತದೆ. ಮಂಜಿನ ಹೊರಮೈಯ ಅಣುಗಳು ಕರಗುವ ಬಿಂದುವಿಗಿಂತ ಕೆಳಗೂ ಸಡಿಲವಾಗಿರುತ್ತವೆ ಎಂಬುದೂ ಇದಕ್ಕೆ ಸೇರುತ್ತದೆ.

ಪೊರೆ ತೀರ ತೆಳುವಾದರೆ ಹರಳಿನ ಮೊನೆಗಳು ತಳವನ್ನು ಗೀರುತ್ತವೆ. ಮೈನಸ್ 20ರ ಚಳಿಯಲ್ಲಿ ಹಿಮ ಮರಳಿನಂತೆ ಎಳೆಯುವುದು ಇದರಿಂದಲೇ. ಪೊರೆ ದಪ್ಪವಾದರೆ, ಅಂದರೆ ಮಧ್ಯಾಹ್ನದ ಒದ್ದೆ ಹಿಮದಲ್ಲಿ, ಒದ್ದೆ ಗಾಜಿಗೆ ಗಾಜು ಅಂಟಿದಂತೆ ತಳವೇ ಹಿಮಕ್ಕೆ ಅಂಟುತ್ತದೆ. ಚಳಿಗೆ ಗಟ್ಟಿ ಮೇಣ ಹಾಕುವುದು ಮೊನೆ ನಾಟದಿರಲಿ ಎಂದು. ಒದ್ದೆಗೆ ನೀರನ್ನು ದೂರ ತಳ್ಳುವ ಮೆದು ಮೇಣ, ಜೊತೆಗೆ ನೀರು ಹರಿದುಹೋಗಲು ತಳದಲ್ಲಿ ಕೊರೆದ ಸಣ್ಣ ಗೀರುಗಳು.

ಜಾರುವ ಮೇಣ ಹಾಕುವುದು ಇಸ್ತ್ರಿ ಮಾಡಿದಷ್ಟೇ ಸುಲಭ, ಅಷ್ಟೇ ಸುಲಭವಾಗಿ ಸುಡಲೂಬಹುದು. ತಳ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನದು, 130 ಡಿಗ್ರಿ ದಾಟಿದರೆ ತಾನೇ ಕರಗತೊಡಗುತ್ತದೆ. ಸ್ಕೀಯನ್ನು ತಳ ಮೇಲೆ ಮಾಡಿ ಬಿಗಿದು ನಿಲ್ಲಿಸಿ. ಹಿಡಿತದ ಭಾಗದ ಎರಡೂ ಕೊನೆಗೆ ಟೇಪ್ ಅಂಟಿಸಿ ಗುರುತು ಮಾಡಿ, ಜಾರುವ ಮೇಣ ಆ ಗಡಿ ದಾಟಬಾರದು. ಹಿತ್ತಾಳೆ ಬ್ರಷ್ಷಿನಿಂದ ಮುಂತುದಿಯಿಂದ ಹಿಂತುದಿಗೆ ಏಳೆಂಟು ಸಲ ಉಜ್ಜಿ ಹಳೆಯ ಕೊಳೆ ತೆಗೆಯಿರಿ. ಮೇಣದ ಗಟ್ಟಿಯನ್ನು ಮೇಣಕ್ಕೆಂದೇ ಇರುವ ಬಿಸಿ ಇಸ್ತ್ರಿ ಪೆಟ್ಟಿಗೆಗೆ ಒತ್ತಿ, ತಳದ ನಡುವೆ ಉದ್ದಕ್ಕೂ ಕೊರೆದ ನಡುಗಾಲುವೆಯ ಎರಡೂ ಬದಿಗೆ ಹನಿಹನಿಯಾಗಿ ಇಳಿಸಿ. ಆಮೇಲೆ ಪೆಟ್ಟಿಗೆಯನ್ನು ನಿಲ್ಲಿಸದೆ ಮುಂದಿನಿಂದ ಹಿಂದಕ್ಕೆ ನಡೆಸಿ. ಪೆಟ್ಟಿಗೆಯ ಹಿಂದೆ ನಾಲ್ಕೈದು ಬೆರಳಗಲ ಕರಗಿದ ಮೇಣದ ಬಾಲ ಹೊಳೆಯುತ್ತಿದ್ದರೆ ವೇಗ ಸರಿ. ಮೇಣ ಹೊಗೆಯಾಡಿದರೆ ಬಿಸಿ ಹೆಚ್ಚಾಯಿತು. ಸಾಮಾನ್ಯ ಮೇಣಕ್ಕೆ 110ರಿಂದ 120 ಡಿಗ್ರಿ ಸಾಕು, ಪೊಟ್ಟಣದ ಮೇಲೆ ಬರೆದಿರುತ್ತದೆ. ಬಟ್ಟೆಯ ಪೆಟ್ಟಿಗೆ ಬೇಡ: ಅದರ ಶಾಖ ಒಂದೇ ಸಮ ನಿಲ್ಲುವುದಿಲ್ಲ, ಹಬೆಯ ತೂತುಗಳಲ್ಲಿ ಮೇಣ ಹೊಕ್ಕು ಮುಂದಿನ ಬಿಳಿ ಅಂಗಿಗೆ ಇಳಿಯುತ್ತದೆ. ನಡುವೆ ಕರೆಂಟು ಹೋದರೆ, ನಮ್ಮ ಕಡೆ ಹೋಗದೆ ಇರುತ್ತದೆಯೇ, ಮೊದಲು ಪೆಟ್ಟಿಗೆ ಎತ್ತಿ, ಆಮೇಲೆ ಟಾರ್ಚು ಹುಡುಕಿ.

ಕೋಣೆಯ ಶಾಖಕ್ಕೆ ಇಳಿಯಲು ಅರ್ಧ ಗಂಟೆ ಬಿಡಿ. ಮೊದಲು ನಡುಗಾಲುವೆಯ ಮೇಣ, ಆಮೇಲೆ ಅಂಚು, ಕಡೆಗೆ ತಳ, ಹೀಗೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ತೆಗೆಯಬೇಕು. ಮೊದಲು ನಡುಗಾಲುವೆ ಯಾಕೆಂದರೆ ಸ್ಕ್ರೇಪರ್ ಅಲ್ಲಿ ಜಾರಿದರೆ ತಳ ಗೀರುತ್ತದೆ, ಮೇಣ ಇದ್ದರೆ ಅದು ತಳವನ್ನು ಕಾಯುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ಕಷ್ಟಪಟ್ಟು ಹಾಕಿದ್ದನ್ನು ಕೆರೆಯಲು ಮನಸ್ಸು ಬಾರದೆ ಅರ್ಧ ಬಿಡುತ್ತಾರೆ. ಕೆಲಸ ಮಾಡುವುದು ತಳದೊಳಗೆ ಇಳಿದ ಮೇಣ, ಮೇಲೆ ಕಾಣುವ ಮೇಣವೆಲ್ಲ ಬ್ರೇಕು. ಕಡೆಗೆ ನೈಲಾನ್ ಬ್ರಷ್ಷಿನಿಂದ ಹತ್ತು ಹದಿನೈದು ಸಲ, ಬಿಳಿ ಪುಡಿ ಬರುವುದು ನಿಲ್ಲುವ ತನಕ.

ಕಿಟಕಿ ತೆರೆದಿರಲಿ. ಫ್ಲೋರಿನ್ ಸೇರಿದ ಹಳೆಯ ಮೇಣ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಒದ್ದೆ ಹಿಮದಲ್ಲಿ ಅದನ್ನು ಮೀರಿಸುವ ಮೇಣ ಇರಲಿಲ್ಲ, ನಿಜ. ಆದರೆ ಅದರ ರಾಸಾಯನಿಕಗಳು ಮಣ್ಣಿನಲ್ಲೂ ಮೈಯಲ್ಲೂ ಕರಗದೆ ಉಳಿಯುತ್ತವೆ, ವರ್ಷಗಟ್ಟಲೆ ಅದರ ಹೊಗೆ ಕುಡಿದ ಸ್ಕ್ಯಾಂಡಿನೇವಿಯಾದ ಮೇಣದ ಕೆಲಸಗಾರರ ರಕ್ತದಲ್ಲಿ ಅವು ಬಹಳ ಹೆಚ್ಚಿನ ಪ್ರಮಾಣದಲ್ಲಿ ಸಿಕ್ಕವು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ಅದನ್ನು ಸ್ಪರ್ಧೆಗಳಲ್ಲಿ ನಿಷೇಧಿಸಿದೆ.

ಹಿಡಿಯುವ ಮೇಣದ ಕಥೆ ಬೇರೆ. ಒದ್ದ ಕ್ಷಣ ಸ್ಕೀ ನಿಂತಿರುತ್ತದೆ. ಆ ಅರೆಗಳಿಗೆಯಲ್ಲಿ ಹಿಮದ ಹರಳುಗಳು ಮೆದು ಮೇಣಕ್ಕೆ ಚುಚ್ಚಿಕೊಂಡು ಹಿಡಿತ ಕೊಡಬೇಕು, ಭಾರ ತೆಗೆದೊಡನೆ ಬಿಟ್ಟುಕೊಡಬೇಕು. ಮೇಣ ಗಟ್ಟಿಯಾದರೆ ಹರಳು ಚುಚ್ಚುವುದಿಲ್ಲ, ಕಾಲು ಹಿಂದಕ್ಕೆ ಜಾರುತ್ತದೆ. ಮೆದುವಾದರೆ ಹರಳು ಬಿಡುವುದಿಲ್ಲ, ಹಿಮ ಉಂಡೆಗಟ್ಟಿ ಅಂಗಾಲಿಗೆ ಹೈಹೀಲ್ಸ್ ಬೆಳೆಯುತ್ತದೆ. ಅದಕ್ಕೇ ಡಬ್ಬಿಗಳಿಗೆ ಬಣ್ಣ. ತಯಾರಕರ ನಡುವೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ, ಕಡು ಚಳಿಗೆ ಹಸಿರು, ಮೈನಸ್ ಎರಡರಿಂದ ಎಂಟರ ಆಸುಪಾಸಿಗೆ ನೀಲಿ, ಸೊನ್ನೆಯ ಸಮೀಪಕ್ಕೆ ನೇರಳೆ, ಅದಕ್ಕೂ ಮೇಲೆ ಕೆಂಪು. ನೋಡಬೇಕಾದದ್ದು ಹಿಮದ ಶಾಖ, ಅದೂ ನೆರಳಿನಲ್ಲಿ.

ಹಚ್ಚುವ ಮೊದಲು ಹಿಡಿತದ ಭಾಗವನ್ನು 100 ಅಥವಾ 120 ನಂಬರಿನ ಸ್ಯಾಂಡ್ ಪೇಪರಿನಲ್ಲಿ ತುಸು ತರಿ ಮಾಡಿ, ಇಲ್ಲವಾದರೆ ಎರಡು ಕಿ.ಮೀ.ಗೆ ಮೇಣ ಸವೆದುಹೋಗುತ್ತದೆ. ಕ್ರೇಯಾನ್ ಗೀಚಿದಂತೆ ತೆಳ್ಳಗೆ ಬಳಿದು ಕಾರ್ಕಿನಿಂದ ಉಜ್ಜಿ ನುಣುಪಾಗಿಸಿ, ಮತ್ತೆ ಬಳಿದು ಮತ್ತೆ ಉಜ್ಜಿ. ಮೂರರಿಂದ ಐದು ಪದರ. ಒಂದೊಂದು ಪದರವೂ ಕಾವಲಿಗೆ ಎಣ್ಣೆ ಒರೆಸಿದಷ್ಟು ತೆಳ್ಳಗಿರಬೇಕು. ದಪ್ಪಗೆ ಒಂದೇ ಸಲ ಮೆತ್ತಿದರೆ ಉಂಡೆಗಟ್ಟುವುದು ಖಾತರಿ. ಎರಡು ಬಗೆ ಬೆರೆಸುವುದಾದರೆ ಗಟ್ಟಿ ಕೆಳಗೆ, ಮೆದು ಮೇಲೆ.

ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮದಲ್ಲಿ ಚುಚ್ಚುವ ಮೊನೆಗಳೇ ಉಳಿದಿರುವುದಿಲ್ಲ, ಉರುಟು ಕಾಳುಗಳಷ್ಟೇ. ಅದಕ್ಕೆ ಟ್ಯೂಬಿನಲ್ಲಿ ಬರುವ ಕ್ಲಿಸ್ಟರ್ ಎಂಬ ಅಂಟು ಬೇಕು. ಹಲಸಿನ ಮೇಣ ಗೊತ್ತಿದ್ದವರಿಗೆ ಕ್ಲಿಸ್ಟರಿನ ವಿವರಣೆ ಬೇಡ: ಒಮ್ಮೆ ಕೈಗೆ ಹತ್ತಿದರೆ ಬಾಗಿಲ ಚಿಲಕ, ಮೊಬೈಲು, ತಲೆಕೂದಲು ಎಲ್ಲ ಕಡೆ ಅದೇ. ಹಲಸು ಕೊಯ್ಯುವಾಗ ಕೈಗೆ ಎಣ್ಣೆ ಸವರುವ ನಮ್ಮ ಬುದ್ಧಿ ಇಲ್ಲೂ ನಡೆಯುತ್ತದೆ, ಆದರೆ ಆ ಎಣ್ಣೆ ಸ್ಕೀ ತಳಕ್ಕೆ ತಾಗಿದರೆ ಅಂಟು ಕೂರದು. ಕೈಗವಸು ಹಾಕುವುದೇ ವಾಸಿ. ಹೊಸ ಹಿಮಕ್ಕೆ ಮಾತ್ರ ಕ್ಲಿಸ್ಟರ್ ಹಚ್ಚಬೇಡಿ, ಹೊರಟ ಜಾಗದಲ್ಲೇ ನಿಲ್ಲುತ್ತೀರಿ.

ಇಷ್ಟೆಲ್ಲ ರಗಳೆ ಬೇಡವೆನ್ನುವವರಿಗೆ ನಡುಭಾಗದಲ್ಲಿ ಮೊಹೇರ್ ಎಂಬ ಮೇಕೆ ಕೂದಲಿನ ಪಟ್ಟಿ ಅಂಟಿಸಿದ ಸ್ಕೀಗಳಿವೆ. ಕೂದಲು ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ವರ್ಷಕ್ಕೆ ಎರಡು ವಾರ ಹಿಮ ಕಾಣುವವರಿಗೆ ಇದೇ ಸರಿ. ಆದರೆ ಮುಂದು ಹಿಂದಿನ ಭಾಗಕ್ಕೆ ಜಾರುವ ಮೇಣ ಆಗಲೂ ಬೇಕು.

ಮಳೆಗಾಲದಲ್ಲಿ ಮಲೆನಾಡಿನ ಮನೆಯೊಳಗೆ ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಸು ಹಿಡಿಯುವಾಗ ಸ್ಕೀ ಬೂಟಿಗೆ ರಿಯಾಯಿತಿ ಏನಿಲ್ಲ. ಒಳಗೆ ಪೇಪರ್ ತುರುಕಿ ಅಟ್ಟದ ಮೇಲೆ, ಒಲೆಯ ಬಿಸಿ ತಾಗುವ ಕಡೆ ಆದರೆ ಹೊಗೆ ಹೊಡೆಯದ ಕಡೆ ಇಡಿ. ಸ್ಕೀ ತಳಕ್ಕೆ ದಪ್ಪಗೆ ಮೇಣ ಹಾಕಿ ಕೆರೆಯದೆ ಬಿಡಿ. ಬರಿ ಬಿಟ್ಟ ತಳ ಗಾಳಿಗೆ ಒಣಗಿ ಬೆಳ್ಳಗಾಗುತ್ತದೆ, ಆಮೇಲೆ ಮೇಣ ಸರಿಯಾಗಿ ಕುಡಿಯುವುದಿಲ್ಲ.

ಇನ್ನು ಮೈ. ಹಿಮವಿಲ್ಲದ ಕಡೆ ಅಭ್ಯಾಸಕ್ಕೆ ರೋಲರ್ ಸ್ಕೀ: ಗಿಡ್ಡ ಪಟ್ಟಿ, ಎರಡು ಕೊನೆಗೆ ಚಕ್ರ. ಕಾಲನ್ನು ನೇರ ಹಿಂದಕ್ಕೆ ಒದೆಯುವ ಕ್ಲಾಸಿಕ್ ಶೈಲಿಯದಾದರೆ ಒಂದು ಚಕ್ರ ಸೈಕಲ್ಲಿನ ಫ್ರೀವೀಲಿನಂತೆ ಒಂದೇ ಕಡೆಗೆ ತಿರುಗುತ್ತದೆ. ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಆದ್ದರಿಂದ ಗಿರಿ ರಸ್ತೆಗಳನ್ನು ಹತ್ತಲು ಮಾತ್ರ ಬಳಸಿ, ಇಳಿಯುವಾಗ ಬಿಚ್ಚಿ ಜೀಪಿಗೆ ಹಾಕಿ. ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ವಾರಾಂತ್ಯದ ಪ್ರವಾಸಿ ಕಾರುಗಳ ನಡುವೆ ಬ್ರೇಕಿಲ್ಲದ ಚಕ್ರ ಕಟ್ಟಿಕೊಂಡು ಇಳಿಯುವುದು ಧೈರ್ಯವಲ್ಲ, ದಡ್ಡತನ. ಕಲಿಯುವವರಿಗೆ ಹಾಸನದಿಂದ ಅರಸೀಕೆರೆ ಕಡೆಯ ಬಯಲುಸೀಮೆಯ ಸಪಾಟು ಒಳರಸ್ತೆಗಳು ಒಳ್ಳೆಯವು, ಬೆಳಗ್ಗೆ ಆರಕ್ಕೆ, ಹೆಲ್ಮೆಟ್ಟು ಮತ್ತು ಮಿನುಗುವ ಜಾಕೆಟ್ಟಿನ ಜೊತೆ. ಒದ್ದೆ ರಸ್ತೆ ಬೇಡ, ಕೈಯಲ್ಲಿ ಹಿಡಿದು ಊರುವ ಕೋಲಿನ ಕಾರ್ಬೈಡ್ ಮೊನೆ ಜಾರಿ ಭುಜ ಉಳುಕುತ್ತದೆ. ಕ್ಲಾಸಿಕ್ ಕೋಲು ಎತ್ತರದ ಶೇ. 83ರಷ್ಟು: 170 ಸೆಂ.ಮೀ. ಇದ್ದವರಿಗೆ 140 ಸೆಂ.ಮೀ. ಆಸುಪಾಸು. ಪಕ್ಕಕ್ಕೆ ಒದೆಯುವ ಸ್ಕೇಟಿಂಗ್ ಶೈಲಿಗೆ ಶೇ. 90, ಅಂದರೆ 153.

ರೋಲರ್ ಸ್ಕೀಯಲ್ಲೊಂದು ಮೋಸವಿದೆ. ಅದರ ಚಕ್ರ ಎಂದೂ ಹಿಂದಕ್ಕೆ ಜಾರುವುದಿಲ್ಲ. ಭಾರ ಅರ್ಧ ಹಾಕಿ ಒದ್ದರೂ, ತಡವಾಗಿ ಒದ್ದರೂ ಹಿಡಿಯುತ್ತದೆ. ಮೂರು ತಿಂಗಳು ಹಾಗೆ ಕಲಿತ ಕಾಲು ಹಿಮದ ಮೇಲೆ ಹೋದ ಮೊದಲ ದಿನವೇ ಜಾರುತ್ತದೆ, ದೂರು ಮಾತ್ರ ಮೇಣದ ಮೇಲೆ. ಕಾಗದದ ಪರೀಕ್ಷೆ ನೆನಪಿಸಿಕೊಳ್ಳಿ: ಪೂರ್ತಿ ಭಾರ ಒಂದೇ ಕಾಲಿಗೆ ಬಂದರಷ್ಟೇ ನಡುಭಾಗ ನೆಲ ಮುಟ್ಟುವುದು. ಹಾಗಾಗಿ ವಾರಕ್ಕೆರಡು ಸಲ ಕೋಲಿಲ್ಲದೆ ರೋಲರ್ ಸ್ಕೀ ಮಾಡಿ, ಒಂದು ಕಾಲಿನ ಮೇಲೆ ಮೂರು ಎಣಿಸುವ ತನಕ ಜಾರಿ, ಆಮೇಲೆ ಕಾಲು ಬದಲಿಸಿ. ಇನ್ನೊಂದು ಮದ್ದು, ತೋಟದ ಮಣ್ಣಿನ ಏರಿನಲ್ಲಿ ಬರೀ ಶೂ ಹಾಕಿ ಕೋಲು ಹಿಡಿದು ದಾಪುಗಾಲಿನಲ್ಲಿ ನೆಗೆನೆಗೆದು ಹತ್ತುವುದು. ಮಣ್ಣು ಸುಳ್ಳು ಹೇಳುವುದಿಲ್ಲ, ತಪ್ಪಾಗಿ ಒದ್ದರೆ ಅಲ್ಲೇ ಜಾರುತ್ತದೆ.

ದಮ್ಮಿನ ಲೆಕ್ಕ ಸರಳ. ವಾರಕ್ಕೆ ಆರೇಳು ಗಂಟೆ ಅಭ್ಯಾಸವಿದ್ದರೆ ಐದಕ್ಕೂ ಹೆಚ್ಚು ಗಂಟೆ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನವಾಗಿರಲಿ. ವಾರಕ್ಕೊಮ್ಮೆ ನಾಲ್ಕು ನಿಮಿಷದ ನಾಲ್ಕು ಬಿರುಸಿನ ಏರು, ನಡುವೆ ಮೂರು ನಿಮಿಷ ನಡಿಗೆ. ನಾಲ್ಕನೆಯದು ಮೊದಲನೆಯದಕ್ಕಿಂತ ನಿಧಾನವಾದರೆ ಶುರುವಿನಲ್ಲೇ ಜಾಸ್ತಿ ಹಾರಿದಿರಿ ಎಂದರ್ಥ. ಎರಡೂ ಕೋಲು ಒಟ್ಟಿಗೆ ಊರಿ ತಳ್ಳುವುದರಲ್ಲಿ ಸೋಲುವುದು ತೋಳಿಗಿಂತ ಮೊದಲು ಹೊಟ್ಟೆ, ಹಾಗಾಗಿ ಪ್ಲ್ಯಾಂಕ್, ಪುಲ್-ಅಪ್ ಬಿಡಬೇಡಿ.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ, ಚಿಕ್ಕಮಗಳೂರು ಪಟ್ಟಣ 1,090ರ ಆಸುಪಾಸು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಲ್ಲಿ ನಮ್ಮೂರಿಗಿಂತ ಶೇ. 17ರಷ್ಟು ಕಡಿಮೆ. ಮೊದಲ ನಾಲ್ಕು ದಿನ ಬಿರುಸು ಬೇಡ, ಮೇಣ ಪರೀಕ್ಷಿಸಲು ಆ ದಿನಗಳನ್ನು ಇಟ್ಟುಕೊಳ್ಳಿ. ಅಂದಾಜಿಗಿಂತ ಒಂದು ಬಗೆ ಗಟ್ಟಿಯಾದ ಮೇಣವನ್ನೇ ಮೊದಲು ಹಚ್ಚಿ, ಸ್ಕೀಯನ್ನು ಹತ್ತು ನಿಮಿಷ ಹೊರಗೆ ತಣಿಯಲು ಬಿಡಿ. ಬೆಚ್ಚಗಿನ ತಳವನ್ನು ಹಿಮದ ಮೇಲಿಟ್ಟರೆ ನೀರಾಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಇನ್ನೂರು ಮೀಟರ್ ಹೋಗಿ ನೋಡಿ. ಹಿಂದಕ್ಕೆ ಜಾರಿದರೆ ಅದೇ ಮೇಣದ ಇನ್ನೆರಡು ಪದರ ಹಾಕಿ. ಆಗಲೂ ಜಾರಿದರೆ ಮೇಣದ ಪಟ್ಟಿಯನ್ನು ಮುಂದಕ್ಕೆ ನಾಲ್ಕು ಬೆರಳು ಉದ್ದ ಮಾಡಿ. ಮೆದು ಬಣ್ಣದ ಡಬ್ಬಿ ತೆರೆಯುವುದು ಅದೂ ಆಗದಿದ್ದ ಮೇಲೆ. ಗಟ್ಟಿಯ ಮೇಲೆ ಮೆದು ಹಚ್ಚಲು ಎರಡು ನಿಮಿಷ ಸಾಕು. ಮೆದುವನ್ನು ಕೆರೆದು ಗಟ್ಟಿಗೆ ಬರಲು, ಚಳಿಗೆ ಮರಗಟ್ಟಿದ ಬೆರಳಲ್ಲಿ, ಅರ್ಧ ಬೆಳಗ್ಗೆ ಬೇಕು.