ಬರೆಯುವ ಕೈ ನೋಡಿ ಬಿಲ್ಲು ಕೊಳ್ಳಬೇಡಿ

ಆರ್ಚರಿ ತರಗತಿಗೆ ಮಗು ಬರುವ ಮೊದಲೇ ಬಿಲ್ಲು ಆನ್‌ಲೈನಿನಲ್ಲಿ ಮನೆಗೆ ಬಂದಿರುತ್ತದೆ. ‘ಬಲಗೈಲೇ ಬರೆಯೋದು ಸಾರ್, ಅದಕ್ಕೇ ರೈಟ್ ಹ್ಯಾಂಡ್ ತರಿಸಿದ್ವಿ’ ಎನ್ನುತ್ತಾ ಅಪ್ಪ ಅಮ್ಮ ಪೆಟ್ಟಿಗೆ ಬಿಚ್ಚುತ್ತಾರೆ. ಆ ಸಂಭ್ರಮ ಕಂಡರೆ ಗದರಲು ಬಾಯಿ ಬರುವುದಿಲ್ಲ. ಆದರೆ ಮಗುವಿನ ಕಣ್ಣನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಎಡಗಣ್ಣೇ ಪ್ರಬಲ, ಅಂದರೆ ಗುರಿ ನೋಡುವಾಗ ಮಿದುಳು ಆ ಕಣ್ಣನ್ನೇ ನೆಚ್ಚುತ್ತದೆ. ಎಡಗೈಯವರು ಮಾತ್ರ ಹತ್ತರಲ್ಲಿ ಒಬ್ಬರಷ್ಟೇ. ಹಾಗಾಗಿ ಬಲಗೈ, ಎಡಗಣ್ಣಿನ ಜೋಡಿ ಅಪರೂಪವೇನಲ್ಲ.

ರೈಟ್ ಹ್ಯಾಂಡ್ ಬಿಲ್ಲಿನಲ್ಲಿ ಬಲಗೈಯಿಂದ ಹೆದೆ ಎಳೆದು ಗಲ್ಲಕ್ಕೆ ತಂದಾಗ ಬಾಣದ ಹಿಂತುದಿ ಬಲಗಣ್ಣಿನ ಕೆಳಗೆ ಇರುತ್ತದೆ. ಗುರಿ ಹಿಡಿಯುವುದೂ ಬಲಗಣ್ಣೇ ಆದರೆ ಕಣ್ಣು, ಸೈಟು (ಬಿಲ್ಲಿನ ಮೇಲಿನ ಗುರಿ ಹಿಡಿಯುವ ಸಾಧನ), ಟಾರ್ಗೆಟ್ ಎಲ್ಲವೂ ಬಾಣದ ನೇರಕ್ಕೇ ಇರುತ್ತವೆ. ಎಡಗಣ್ಣು ನಡುವೆ ಬಂದರೆ ಮಗು ಸೈಟನ್ನು ಆ ಕಣ್ಣಿನ ನೇರಕ್ಕೆ ತರುತ್ತದೆ. ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6 ಸೆಂ.ಮೀ., ಕಣ್ಣಿನಿಂದ ಸೈಟಿಗೆ ಸುಮಾರು 85 ಸೆಂ.ಮೀ. ಬಿಲ್ಲು ಅಷ್ಟು ಎಡಕ್ಕೆ ಸರಿದರೆ ಬಾಣ 5 ಮೀಟರಿನಲ್ಲಿ 30 ಸೆಂ.ಮೀ., 18 ಮೀಟರಿನಲ್ಲಿ ಒಂದೂಕಾಲು ಮೀಟರಿನಷ್ಟು ಎಡಕ್ಕೆ ಹೋಗುತ್ತದೆ. ಅಂದರೆ ಪಕ್ಕದವರ ಟಾರ್ಗೆಟ್‌ಗೆ, ಇಲ್ಲವೇ ಹಿಂದಿನ ಬಲೆಗೆ. ಇನ್ನೂ ಕಾಡುವುದು ಕಣ್ಣು ಅದಲುಬದಲಾಗುವ ಮಕ್ಕಳು: ಮೂರು ಬಾಣ ನಡುವೆ, ಮೂರು ಎಡಕ್ಕೆ. ಇಂಥ ಕಡೆ ಸೈಟನ್ನು ಎಡಕ್ಕೆ ತಿರುಗಿಸುತ್ತಾ ಕೂತವರನ್ನು ಕಂಡರೆ ತಾಳ್ಮೆ ಕೆಡುತ್ತದೆ. ಸೈಟಿನ ಸ್ಕ್ರೂ ಸಾಮಾನ್ಯವಾಗಿ 6 ಸೆಂ.ಮೀ. ಸರಿಯುವುದಿಲ್ಲ. ಹೇಗೋ ಸರಿಸಿದರೂ, ಬಲಗಣ್ಣು ಎಚ್ಚೆತ್ತ ಬಾಣ ಅಷ್ಟೇ ದೂರ ಬಲಕ್ಕೆ ಹಾರುತ್ತದೆ. ಅಷ್ಟರಲ್ಲಿ ಮಗು ತಾನೇ ಒಂದು ಉಪಾಯ ಕಂಡುಕೊಳ್ಳುತ್ತದೆ: ಕುತ್ತಿಗೆ ಬಲಕ್ಕೆ ವಾಲಿಸಿ ಎಡಗಣ್ಣನ್ನು ಹೆದೆಯ ಹತ್ತಿರ ತರುವುದು. ಅಲ್ಲಿಗೆ ಆಂಕರ್, ಅಂದರೆ ಎಳೆದ ಕೈ ಪ್ರತಿಸಲ ಗಲ್ಲದಲ್ಲಿ ನಿಲ್ಲುವ ಜಾಗ, ಹೋಯಿತು, ಹೆದೆ ಮೂಗಿಗೆ ತಾಗಲು ಶುರುವಾಯಿತು.

ಈಗ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು. ಬಿಲ್ಲಿಗೆ ಬರೆಯುವ ಕೈ ಬೇಕಿಲ್ಲ. ಒಂದು ಕೈ ಬಿಲ್ಲನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ, ಇನ್ನೊಂದರ ಮೂರು ಬೆರಳು ಹೆದೆಗೆ ಕೊಕ್ಕೆಯಾಗುತ್ತವೆ. ಎಳೆಯುವ ಬಲ ಬೆನ್ನಿನಿಂದ, ಭುಜದ ಎಲುಬಿನ ಹಿಂದಿನ ಸ್ನಾಯುಗಳಿಂದ ಬರಬೇಕು. ಬಿಡುವುದೆಂದರೆ ಬೆರಳು ಸಡಿಲಿಸುವುದು, ಅಷ್ಟೇ. ಅಕ್ಷರ ತಿದ್ದುವ, ಸೂಜಿಗೆ ದಾರ ಪೋಣಿಸುವ ನಾಜೂಕು ಇದರಲ್ಲಿ ಎಲ್ಲೂ ಇಲ್ಲ. ಹೊಸಬರಿಗೆ ಎರಡೂ ಕೈಗಳು ಒಂದೇ ರೀತಿ ಹೊಸವು. ಕಣ್ಣು ಹಾಗಲ್ಲ. ಯಾವ ಕಣ್ಣಿನ ಚಿತ್ರವನ್ನು ಮುಂದಿಡಬೇಕೆಂಬ ಮಿದುಳಿನ ಒಲವನ್ನು ಅಭ್ಯಾಸದಿಂದ ಬದಲಿಸುವುದು ಬಹಳ ಕಷ್ಟ. ಬದಲಾಯಿಸಲು ಸುಲಭವಾದದ್ದನ್ನು ಬಿಟ್ಟು ಕಷ್ಟವಾದದ್ದರ ಜತೆ ಯಾಕೆ ಗುದ್ದಾಟ?

ಪ್ರಬಲ ಕಣ್ಣೆಂದರೆ ಚೆನ್ನಾಗಿ ಕಾಣುವ ಕಣ್ಣು ಎಂಬುದೂ ತಪ್ಪು. ‘ಹಾಗಾದರೆ ಬಲಗಣ್ಣಿಗೆ ಏನೋ ಆಗಿದೆ’ ಎಂದು ಗಾಬರಿಯಾಗಬೇಕಿಲ್ಲ. ಎರಡೂ 6/6 ಇದ್ದವರಿಗೂ ಒಂದು ಕಣ್ಣು ಪ್ರಬಲವೇ. ಗುರಿಗೆ ದೃಷ್ಟಿಯ ಹರಿತವೇ ಎಲ್ಲವೂ ಅಲ್ಲ. ದೃಷ್ಟಿ ಬಹಳ ಮಂದವಿದ್ದ ದಕ್ಷಿಣ ಕೊರಿಯಾದ ಇಮ್ ಡಾಂಗ್-ಹ್ಯುನ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 72 ಬಾಣಗಳಿಗೆ 699 ಅಂಕ ಗಳಿಸಿ ವಿಶ್ವದಾಖಲೆ ಮಾಡಿದರು.

ಪರೀಕ್ಷೆಗೆ ಎರಡು ನಿಮಿಷ ಸಾಕು. ಕನ್ನಡಕ ಹಾಕುವವರು ಹಾಕಿಕೊಂಡೇ ಮಾಡಬೇಕು. ಎರಡೂ ಕೈ ಪೂರ್ತಿ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು ನಡುವೆ ಸಣ್ಣ ಕಿಂಡಿ ಮಾಡಿಸಿ. ಮೂರು ಮೀಟರ್ ದೂರ ನಿಂತು, ‘ಎರಡೂ ಕಣ್ಣು ತೆರೆದು ಈ ಕಿಂಡಿಯಲ್ಲಿ ನನ್ನ ಮೂಗು ನೋಡು’ ಎನ್ನಿ. ಕಿಂಡಿಯಲ್ಲಿ ನಿಮಗೆ ಕಾಣುವುದೇ ಪ್ರಬಲ ಕಣ್ಣು. ಮಗುವನ್ನೇ ಕಣ್ಣು ಮುಚ್ಚಿಸಿ ಕೇಳುವುದಕ್ಕಿಂತ ಇದು ಮೇಲು, ಏಕೆಂದರೆ ಮಕ್ಕಳು ನಿಮ್ಮನ್ನು ಮೆಚ್ಚಿಸುವ ಉತ್ತರ ಕೊಡುತ್ತಾರೆ. ಒಂದೇ ಕೈಯ ಬೆರಳು ತೋರಿಸುವ ಪರೀಕ್ಷೆ ಬೇಡ, ಅದು ಆ ಕೈ ಕಡೆಗೆ ವಾಲುತ್ತದೆ. ಐದು ಸಲ ಮಾಡಿ. ಐದೂ ಒಂದೇ ಕಣ್ಣಾದರೆ ಅನುಮಾನವಿಲ್ಲ. ಮೂರು ಒಂದು ಕಡೆ, ಎರಡು ಇನ್ನೊಂದು ಕಡೆ ಬಂದರೆ ಸ್ಪಷ್ಟ ಪ್ರಾಬಲ್ಯ ಇಲ್ಲವೆಂದು ತಿಳಿದು, ಕೈ ಹೇಳಿದಂತೆ ಬಿಲ್ಲು ಕೊಡಿ. ಕೆಲವು ವಾರ ಬಿಟ್ಟು ಮತ್ತೆ ನೋಡಿ. ಆಗಲೇ ಬಿಲ್ಲು ಹಿಡಿದವರಲ್ಲಿ ಇನ್ನೊಂದು ಸುಳಿವಿದೆ. ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್‌ ಬಿಲ್ಲಿನಲ್ಲಿ ಪೂರ್ತಿ ಎಳೆದಾಗ ಮಸುಕಾದ ಹೆದೆ ಸೈಟಿನ ಪಕ್ಕದಲ್ಲೇ ಕಾಣಬೇಕು. ‘ಹೆದೆ ಕಾಣಿಸ್ತಿಲ್ಲ’ ಎಂದೋ, ‘ಸೈಟಿನ ಪಿನ್ ಎರಡು ಕಾಣಿಸ್ತಿದೆ’ ಎಂದೋ ಹೇಳಿದರೆ ಎಡಗಣ್ಣು ನಡುವೆ ಬರುತ್ತಿದೆ.

ಹೊಸಬರಿಗೆ, ಆರು ತಿಂಗಳಿಗಿಂತ ಕಡಿಮೆ ಆಡಿದವರಿಗೆ, ಪ್ರಬಲ ಕಣ್ಣಿನ ಕಡೆಯ ಬಿಲ್ಲಿಗೇ ಬದಲಾಯಿಸಿ. ಭುಜಕ್ಕೆ ಪೆಟ್ಟಾದವರ ಮಾತು ಬೇರೆ. ಬದಲಾಯಿಸುವಾಗ ಎಳೆತದ ತೂಕ (ಹೆದೆ ಎಳೆಯಲು ಬೇಕಾದ ಬಲ) ಇಳಿಸಲೇಬೇಕು: 28–30 ಪೌಂಡ್ ಎಳೆಯುತ್ತಿದ್ದವರೂ 16–18ಕ್ಕೆ ಬರಲಿ. ಮೊದಲ ಎರಡು ಮೂರು ವಾರ 5 ಮೀಟರಿನಲ್ಲಿ, ಟಾರ್ಗೆಟ್ ಹಾಳೆ ಅಂಟಿಸದ ಖಾಲಿ ಬಟ್‌ಗೆ (ಬಾಣ ನಾಟುವ ದಪ್ಪ ಹಲಗೆಗೆ) ಹೊಡೆಯಲಿ. ಖರ್ಚು ಜನ ಹೆದರುವಷ್ಟಿಲ್ಲ. ಲಿಂಬ್ (ಬಿಲ್ಲಿನ ಬಾಗುವ ತೋಳುಗಳು), ಹೆದೆ, ಸ್ಟೆಬಿಲೈಸರ್ (ಅಲುಗಾಟ ತಡೆಯುವ ಕೋಲು), ಪ್ಲಂಜರ್ (ಬಾಣಕ್ಕೆ ಪಕ್ಕದಿಂದ ಒತ್ತು ಕೊಡುವ ಸ್ಪ್ರಿಂಗ್) ಹಾಗೇ ನಡೆಯುತ್ತವೆ, ಬಾಣಗಳೂ ಸಾಮಾನ್ಯವಾಗಿ ನಡೆಯುತ್ತವೆ. ರೈಸರ್ (ಬಿಲ್ಲಿನ ನಡುವಿನ ಹಿಡಿಕೆ ಭಾಗ), ಬಾಣ ಕೂರುವ ರೆಸ್ಟ್, ಬೆರಳು ಕಾಯುವ ಫಿಂಗರ್ ಟ್ಯಾಬ್ ಬದಲಾಗಲೇಬೇಕು. ಕೆಲವು ಸೈಟುಗಳನ್ನು ತಿರುಗಿಸಿ ಹಾಕಬಹುದು, ಕೊಳ್ಳುವಾಗ ಕೇಳಿ.

ವರ್ಷಗಟ್ಟಲೆ ಆಡಿದವರಿಗೆ ಕೈ ಬದಲಿಸಲು ನಾನು ಸುಲಭಕ್ಕೆ ಹೇಳುವುದಿಲ್ಲ. ಅವರಿಗೆ ಕನ್ನಡಕದ ಎಡಗಣ್ಣಿನ ಗಾಜಿನ ಮೇಲೆ ಅರೆಪಾರದರ್ಶಕ ಟೇಪ್ ಸಾಕು. ಕಪ್ಪು ಪಟ್ಟಿಗಿಂತ ಅದು ಒಳ್ಳೆಯದು: ಬೆಳಕು ಒಳಗೆ ಬರುತ್ತದೆ, ಆ ಕಣ್ಣು ಕತ್ತಲಿಗೆ ಹೊಂದಿಕೊಂಡರೆ ಇನ್ನೊಂದರ ಪಾಪೆಯೂ ಹಿಗ್ಗುವ ತೊಂದರೆ ಇರುವುದಿಲ್ಲ. ಅಭ್ಯಾಸದಲ್ಲಿ ಸಣ್ಣ ತುಂಡು ನಡೆಯುತ್ತದೆ. ಎಳೆದ ಭಂಗಿಯಲ್ಲೇ ನಿಲ್ಲಿಸಿ, ಕಣ್ಣಿನ ನೇರ ಎಲ್ಲಿ ಬೀಳುತ್ತದೆಂದು ಇನ್ನೊಬ್ಬರು ಮಾರ್ಕರ್‌ನಲ್ಲಿ ಗುರುತಿಸಬೇಕು; ಅದು ಗಾಜಿನ ನಡುವೆ ಇರದೆ ಕಿವಿಯ ಕಡೆಗೆ ಸರಿದಿರುತ್ತದೆ. ಆದರೆ ವರ್ಲ್ಡ್ ಆರ್ಚರಿ ನಿಯಮದಂತೆ ಸ್ಪರ್ಧೆಯಲ್ಲಿ ಗಾಜನ್ನು ಪೂರ್ತಿ ಮುಚ್ಚಿರಬೇಕು, ಇಲ್ಲವೇ ಕಣ್ಣುಪಟ್ಟಿ ಕಟ್ಟಬೇಕು. ಸಣ್ಣ ತುಂಡಿನ ಅಭ್ಯಾಸ ಮಾಡಿಕೊಂಡು ಪಂದ್ಯದ ಬೆಳಿಗ್ಗೆ ಉಪಕರಣ ತಪಾಸಣೆಯಲ್ಲಿ ಕಕ್ಕಾಬಿಕ್ಕಿಯಾಗಬೇಡಿ. ಸೋಮಾರಿಗಣ್ಣಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ಕಣ್ಣಿನ ವೈದ್ಯರನ್ನು ಕೇಳದೆ ಯಾವ ಟೇಪೂ ಅಂಟಿಸಬೇಡಿ.

ಎಡಗಣ್ಣು ಮುಚ್ಚಿಯೇ ಹೊಡೆಯುತ್ತೇನೆ ಎನ್ನುವವರು ಬಿಲ್ಲು ಎತ್ತುವ ಮೊದಲೇ ಮುಚ್ಚಲಿ. ಪೂರ್ತಿ ಎಳೆದ ಮೇಲೆ ಮುಚ್ಚಿದರೆ ಕೆನ್ನೆ ಬಿಗಿದು ಹೆದೆ ತಾಗುವ ಜಾಗವೇ ಬದಲಾಗುತ್ತದೆ. ತುದಿಗಳಲ್ಲಿ ಚಕ್ರಗಳಿರುವ ಕಾಂಪೌಂಡ್ ಬಿಲ್ಲಿನವರಿಗೆ ಹೆದೆಯಲ್ಲಿ ಪೀಪ್ (ನೋಡಲು ಇರುವ ಸಣ್ಣ ತೂತು) ಇರುವುದರಿಂದ ತಾಪತ್ರಯ ಕಡಿಮೆ, ಆದರೂ ಸಂಜೆಯ ಮಬ್ಬಿನಲ್ಲಿ ಪೀಪ್ ಕತ್ತಲಾದಾಗ ಎಡಗಣ್ಣು ನುಗ್ಗುವುದುಂಟು. ಆ ಹೊತ್ತಿಗೆ ದೊಡ್ಡ ತೂತಿನ ಪೀಪ್ ಹಾಕಿಕೊಳ್ಳಿ.