ಮಲೆನಾಡಿನ ಕಪಾಟಿನಲ್ಲಿ ಬಯಲುಸೀಮೆಯ ನೀರು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ನಿಂತು, ಹಳೆಯ ಬಟ್ಟೆ ತೊಟ್ಟರೆ ನೀರು ಉಳಿಯುತ್ತದೆ ಎಂದರೆ ಯಾರಿಗೂ ತಟ್ಟನೆ ನಂಬಿಕೆ ಬರುವುದಿಲ್ಲ. ಆದರೆ ತೀರ್ಥಹಳ್ಳಿಯಲ್ಲಿ ತೊಡುವ ಅಂಗಿಯ ಹತ್ತಿ ತೀರ್ಥಹಳ್ಳಿಯದಲ್ಲ. ಹತ್ತಿ ಬೆಳೆಯುವುದು ಹಾವೇರಿ, ಧಾರವಾಡ, ರಾಯಚೂರಿನಂಥ ಬಯಲುಗಳಲ್ಲಿ. ಒಂದು ಹತ್ತಿಯ ಟೀ ಶರ್ಟ್ ಸಿದ್ಧವಾಗಲು ಸುಮಾರು 2,700 ಲೀಟರ್ ನೀರು ಬೇಕೆಂಬುದು ಚಾಲ್ತಿಯಲ್ಲಿರುವ ಅಂದಾಜು. ಅದರ ಬಹುಪಾಲು ಹೊಲದಲ್ಲೇ ಖರ್ಚಾಗುತ್ತದೆ. ಮಳೆಗೆ ಬರವಿಲ್ಲದ ನಾವು ಮಳೆಗಾಗಿ ಮುಗಿಲು ನೋಡುವವರ ನೀರನ್ನು ಉಟ್ಟು ಓಡಾಡುತ್ತಿದ್ದೇವೆ. ಈ ವಿಚಾರ ನನ್ನನ್ನು ಕಾಡುತ್ತದೆ.

ಹಾಗಾಗಿ ಇರುವ ಬಟ್ಟೆ ಬಾಳಿಕೆ ಬರಬೇಕು. ಮಲೆನಾಡಿನಲ್ಲಿ ಅದಕ್ಕೆ ಮೊದಲ ಶತ್ರು ಬೂಷ್ಟು. ಹತ್ತಿಯ ನಾರು ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸ್. ಮುಂಗಾರಿನ ತೇವದಲ್ಲಿ ಶಿಲೀಂಧ್ರಗಳು ಕಿಣ್ವಗಳನ್ನು ಸ್ರವಿಸಿ, ಅದನ್ನು ಸಕ್ಕರೆಯಾಗಿ ಒಡೆದು ತಿನ್ನುತ್ತವೆ. ಗಂಜಿ ಹಾಕಿದ ಸೀರೆಗಂತೂ ಅವು ಇನ್ನೂ ಬೇಗ ಹತ್ತುತ್ತವೆ. ಗಂಜಿಯ ಪಿಷ್ಟ ಅವುಗಳಿಗೆ ಸುಲಭದ ಊಟ. ಮಳೆಗಾಲಕ್ಕೆ ಎತ್ತಿಡುವ ಬಟ್ಟೆಯ ಗಂಜಿಯನ್ನು ಚೆನ್ನಾಗಿ ತೊಳೆದು, ಮೇ ತಿಂಗಳ ಬಿಸಿಲಿನಲ್ಲಿ ಪೂರ್ತಿ ಒಣಗಿಸಿಯೇ ಪೆಟ್ಟಿಗೆಗೆ ಸೇರಿಸಬೇಕು.

ಹರಿದ ಮೇಲೆ ಕೌದಿಯಿದೆ. ಕಾರ್ಖಾನೆಯಲ್ಲಿ ಹಳೆಯ ಬಟ್ಟೆಯನ್ನು ಚಿಂದಿ ಮಾಡಿ ಮತ್ತೆ ನೂಲು ತೆಗೆಯುವಾಗ ನಾರು ತುಂಡಾಗಿ ಗಿಡ್ಡವಾಗುತ್ತದೆ. ಗಟ್ಟಿ ನೂಲು ಬೇಕೆಂದರೆ ಹೊಸ ನಾರು ಬೆರೆಸಬೇಕು, ಯಂತ್ರಕ್ಕೆ ವಿದ್ಯುತ್ತೂ ಬೇಕು. ಕೌದಿಗೆ ಸೂಜಿ, ದಾರ, ಬಿಡುವಿನ ಮಧ್ಯಾಹ್ನಗಳು ಸಾಕು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡದು. ಆದರೆ ಕೌದಿ ಹೊಲಿದೂ ಅಂಗಡಿಯಿಂದ ಹೊಸ ಹೊದಿಕೆ ತಂದರೆ ಉಳಿತಾಯದ ಲೆಕ್ಕ ಕೂಡುವುದಿಲ್ಲ. ಮರುಬಳಕೆಯ ನಿಜವಾದ ಲಾಭವಿರುವುದು ತಪ್ಪಿದ ಖರೀದಿಯಲ್ಲಿ.

ಪಾಲಿಯೆಸ್ಟರ್ ಸೀರೆಯ ಕಥೆ ಬೇರೆ. ಅದು ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ಬಚ್ಚಲೊಲೆಗೆ ಹಾಕಿದರೆ ವಿಷದ ಹೊಗೆ ಮನೆಯವರ ಎದೆಗೇ ಹೋಗುತ್ತದೆ, ದಯವಿಟ್ಟು ಹಾಕಬೇಡಿ. ಹಂದಿ ಕಾಟಕ್ಕೆ ಗದ್ದೆಯ ಸುತ್ತ ಇಂಥ ಸೀರೆ ಕಟ್ಟುವುದು ಜಾಣತನದ ಮರುಬಳಕೆಯೇ ಸರಿ. ಆದರೆ ಬಿಸಿಲಿನ ನೇರಳಾತೀತ ಕಿರಣಗಳಿಗೆ ಅದರ ಎಳೆಗಳು ಪೆಡಸಾಗಿ ಪುಡಿಯಾಗುತ್ತವೆ, ಮಳೆ ಆ ಪುಡಿಯನ್ನು ಹಳ್ಳಕ್ಕೆ ಒಯ್ಯುತ್ತದೆ, ಹಳ್ಳ ತುಂಗೆಗೆ. ಕೊಯ್ಲು ಮುಗಿದ ವಾರವೇ ಬೇಲಿಯ ಸೀರೆ ಬಿಚ್ಚಿ ಕೊಟ್ಟಿಗೆಯಲ್ಲಿ ಮಡಿಸಿಟ್ಟರೆ ಮುಂದಿನ ಬೆಳೆಗೂ ಅದೇ ಆಗುತ್ತದೆ.