ಕಿಂಗ್ ಕ್ರಿಮ್ಸನ್: ಎಲ್ಲಿಂದ ಕೇಳಲು ಶುರು ಮಾಡಬೇಕು?

ಓದುಗರ ಪ್ರಶ್ನೆ: ಆ್ಯಪ್‌ನಲ್ಲಿ ಕಿಂಗ್ ಕ್ರಿಮ್ಸನ್ ಎಂದು ಹುಡುಕಿದರೆ ಸ್ಟುಡಿಯೋ, ಲೈವ್, ರೀಮಿಕ್ಸ್ ಎಲ್ಲ ಕಲಸಿಕೊಂಡು ಬರುತ್ತವೆ. 1969ರ ಮೊದಲ ಆಲ್ಬಮ್‌ನಿಂದ ವರ್ಷದ ಪ್ರಕಾರ ಕೇಳುತ್ತಾ ಬರಲೇ?

ಬೇಡ. ಇಂಗ್ಲೆಂಡಿನ ಈ ರಾಕ್ ತಂಡದ ಸ್ಟುಡಿಯೋ ಆಲ್ಬಮ್‌ಗಳು 2003ರವರೆಗೆ ಬಂದ 13 ಮಾತ್ರ. ಆದರೆ ಅವನ್ನು ನುಡಿಸಿದ್ದು ಒಂದೇ ವಾದಕರ ಗುಂಪಲ್ಲ. ಎಲ್ಲದರಲ್ಲೂ ಇರುವವರು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಒಬ್ಬರೇ. ಉಳಿದವರು ಬದಲಾದ ಹಾಗೆಲ್ಲ ಸಂಗೀತವೂ ಬದಲಾಗಿದೆ.

ಮೊದಲು ‘ರೆಡ್’ (1974) ಕೇಳಿ. ಐದೇ ಟ್ರ್ಯಾಕ್, ಸುಮಾರು 40 ನಿಮಿಷ. ಕೊನೆಯದು ‘ಸ್ಟಾರ್‌ಲೆಸ್’, 12 ನಿಮಿಷದ್ದು. ಅದರ ಗಾಯನ ಮುಗಿದ ಮೇಲೆ ಜಾನ್ ವೆಟನ್ ಅವರ ಬೇಸ್ ಗಿಟಾರ್ 13ರ ಎಣಿಕೆಯಲ್ಲಿ ಸುತ್ತತೊಡಗುತ್ತದೆ. ಅದರ ಮೇಲೆ ಫ್ರಿಪ್ ಬಹುಹೊತ್ತು ಒಂದೇ ಸ್ವರವನ್ನು ಮೀಟುತ್ತಾ, ಇಷ್ಟಿಷ್ಟೇ ಮೇಲಕ್ಕೆ ಏರುತ್ತಾರೆ. ಆ ನಿಮಿಷಗಳನ್ನು ದಾಟಿಸಿ ಮುಂದೆ ಓಡಿಸಬೇಡಿ; ಕೊನೆಯ ಸ್ಫೋಟಕ್ಕೆ ಬಲ ಬರುವುದು ಅಲ್ಲಿಂದಲೇ.

ಇಲ್ಲೊಂದು ಗೊಂದಲವಿದೆ. ಈ ಹಾಡು ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಆಲ್ಬಮ್‌ನಲ್ಲಿ ಇಲ್ಲ. ಅಲ್ಲಿ ಆಲ್ಬಮ್‌ನದೇ ಹೆಸರಿನಲ್ಲಿರುವುದು ಗಾಯನವಿಲ್ಲದ, ವೇದಿಕೆಯಲ್ಲೇ ಹುಟ್ಟಿದ ಮನೋಧರ್ಮದ ವಾದನ. ಆ ಆಲ್ಬಮ್‌ನ ಬಹುಭಾಗ 1973ರ ನವೆಂಬರ್ 23ರಂದು ಆ್ಯಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಖೆಬೌ ಸಭಾಂಗಣದಲ್ಲಿ ಮುದ್ರಣವಾದದ್ದು. ಚಪ್ಪಾಳೆ ಅಳಿಸಿ ಸ್ಟುಡಿಯೋ ಆಲ್ಬಮ್ ಮಾಡಿದರು. ಪೂರ್ತಿ ಕಛೇರಿ 1997ರಲ್ಲಿ ‘ದ ನೈಟ್ ವಾಚ್’ ಎಂದು ಹೊರಬಂತು. ಎರಡನ್ನೂ ಜೊತೆಗಿಟ್ಟು ಕೇಳಿದರೆ, ಈ ತಂಡದಲ್ಲಿ ಲೈವ್ ಎಂಬುದು ಹೆಚ್ಚುವರಿ ಸರಕಲ್ಲ ಎಂದು ತಿಳಿಯುತ್ತದೆ.

ಆಮೇಲೆ ‘ಡಿಸಿಪ್ಲಿನ್’ (1981). ಇದು ಬೇರೆಯದೇ ತಂಡ ಎಂದುಕೊಂಡೇ ಕೇಳಿ. ‘ಫ್ರೇಮ್ ಬೈ ಫ್ರೇಮ್’ನಲ್ಲಿ ಫ್ರಿಪ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ ಒಂದೇ ವಿನ್ಯಾಸ ಹಿಡಿದು ಹೊರಡುತ್ತಾರೆ. ನಂತರ ಒಂದು ಗಿಟಾರ್ ಒಂದು ಸ್ವರ ಕಳೆದು 14ರ ಬದಲು 13ಕ್ಕೆ ಸುತ್ತುತ್ತದೆ. ಎರಡೂ ಜಾರುತ್ತಾ ಹೋಗಿ ಮತ್ತೆ ಕೂಡುತ್ತವೆ. ಏಳು ಎಣಿಕೆಯ ಮಿಶ್ರ ಛಾಪುವಿಗೆ ತಾಳ ಹಾಕಿ ರೂಢಿಯಿದ್ದವರ ಕೈಗೆ ಇಲ್ಲಿನ 7ರ ನಡೆ ಬೇಗ ಹತ್ತುತ್ತದೆ.

ಈ ಎರಡು ಹಿಡಿಸಿದರೆ 1969ರ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ಗೂ 1973ರ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ಗೂ ಬನ್ನಿ. ಎರಡನೆಯದರ ಶೀರ್ಷಿಕೆ ಕೃತಿಯ ಮೊದಲ ಎರಡು ಭಾಗ ಮಾತ್ರ ಅಲ್ಲಿವೆ. ಮೂರನೆಯದು 1984ರ ‘ತ್ರೀ ಆಫ್ ಎ ಪರ್ಫೆಕ್ಟ್ ಪೇರ್’ನಲ್ಲಿ, ನಾಲ್ಕನೆಯದು 2000ದ ‘ದ ಕನ್‌ಸ್ಟ್ರಕ್ಷನ್ ಆಫ್ ಲೈಟ್’ನಲ್ಲಿ.

‘ಲಿಝರ್ಡ್’ (1970) ಮಾತ್ರ ಸಂಗೀತಗಾರ ಸ್ಟೀವನ್ ವಿಲ್ಸನ್ 2009ರಲ್ಲಿ ಮೂಲ ಮುದ್ರಣವನ್ನೇ ಹೊಸದಾಗಿ ಬೆರೆಸಿ ಮಾಡಿದ ರೀಮಿಕ್ಸ್‌ನಲ್ಲೇ ಕೇಳಿ. ಹಳೆಯ ಮಿಕ್ಸ್‌ನಲ್ಲಿ ಒಂದರ ಮೇಲೊಂದು ಬಿದ್ದು ಮಬ್ಬಾಗಿದ್ದ ಊದುವಾದ್ಯಗಳು ಅದರಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ‘ಅರ್ತ್‌ಬೌಂಡ್’ (1972) ಒರಟಾಗಿ ಕೇಳಿಸಿದರೆ ನಿಮ್ಮ ಇಯರ್‌ಫೋನ್ ಬದಲಿಸಬೇಡಿ. ಆ ಲೈವ್ ಆಲ್ಬಮ್ ಮುದ್ರಣವಾದದ್ದೇ ಕ್ಯಾಸೆಟ್‌ಗೆ.

2014ರಿಂದ 2021ರವರೆಗೆ ಮೂವರು ಡ್ರಮ್ ವಾದಕರೊಂದಿಗೆ ನುಡಿಸಿದ ಕೊನೆಯ ತಂಡ ಸ್ಟುಡಿಯೋ ಆಲ್ಬಮ್ ಮಾಡಲೇ ಇಲ್ಲ. ಅದಕ್ಕೆ 2016ರ ‘ರ್‍ಯಾಡಿಕಲ್ ಆ್ಯಕ್ಷನ್’ ಸಂಗ್ರಹ ಹಿಡಿಯಿರಿ. ಅದೂ ಕಛೇರಿಗಳದ್ದೇ, ಅಲ್ಲೂ ಚಪ್ಪಾಳೆ ಅಳಿಸಿದ್ದಾರೆ.